ಐಸಿನ ಡಬ್ಬಿಯಲ್ಲಿ ಬಂದ ತಾಯಿಹಾಲು

ನಾನು ನಿವೃತ್ತಳಾದ ದಿನ ಆಸ್ಪತ್ರೆಯವರು ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ನನ್ನ ತಾಳ್ಮೆಯನ್ನೂ ಮೃದು ಸ್ವಭಾವವನ್ನೂ ಹೊಗಳಿ ಮಾತಾಡಿದರು. ಹಿಂದಿನ ಸಾಲಿನಲ್ಲಿದ್ದ ಆಯಾಗಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. ನನಗೂ ನಗು ಬಂತು. ಹೆರಿಗೆ ವಾರ್ಡಿನಲ್ಲಿ ಇಷ್ಟು ವರ್ಷ ನಾನು ಮಾಡಿದ್ದು ಹೆಚ್ಚಾಗಿ ಜಗಳ. ಅಜ್ಜಿಯಂದಿರ ಜೊತೆ, ಡಾಕ್ಟರರ ಜೊತೆ, ಟೈ ಕಟ್ಟಿಕೊಂಡು ಬರುತ್ತಿದ್ದ ಹಾಲುಪುಡಿ ಕಂಪನಿಯವರ ಜೊತೆ. ಜಗಳ ಮಾಡಿದ್ದಕ್ಕೆ ನನಗೆ ಇವತ್ತಿಗೂ ಬೇಸರವಿಲ್ಲ. ಮೃದು ಸ್ವಭಾವ ಎಂದು ಹೇಳಿದ್ದಕ್ಕೆ ಮಾತ್ರ ಸ್ವಲ್ಪ ಬೇಸರವಾಯಿತು.

ಇದನ್ನು ಬರೆಯಲು ಕಾರಣ ನನ್ನ ತಂಗಿಯ ಮಗಳು. ನರ್ಸಿಂಗ್ ಮುಗಿಸಿ ಅವಳೂ ಹೆರಿಗೆ ವಾರ್ಡಿಗೇ ಸೇರಿದ್ದಾಳೆ. ಮೊನ್ನೆ ಕಲ್ಯಾಣಪುರದ ನಮ್ಮ ಮನೆಗೆ ಬಂದವಳು, "ಮಾವ್ಶಿ, ಅಲ್ಲಿ ಗೋಡೆಯಲ್ಲಿ ಬರೆದದ್ದು ಒಂದು, ಮಾಡುವುದು ಇನ್ನೊಂದು. ನಾನು ಹೊಸಬಳು, ಎಂತ ಹೇಳಲಿಕ್ಕೆ ಆಗ್ತದೆ?" ಎಂದು ಕೇಳಿದಳು. ಅವಳ ಕಣ್ಣಲ್ಲಿ ನೀರಿತ್ತು. ಕಣ್ಣೀರು ಬರುವವರು ಈ ಕೆಲಸಕ್ಕೆ ಇನ್ನೂ ಸೇರುತ್ತಾರಲ್ಲ ಎಂದು ನನಗೆ ಸಮಾಧಾನವಾಯಿತು. ಅವಳಿಗೆ ಬಾಯಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಬರೆಯುವುದಿಲ್ಲ. ಬರೆಯುವಷ್ಟು ಏರಲೂ ಇಲ್ಲ.

ನಾನಿದ್ದದ್ದು ಒಂದು ಟ್ರಸ್ಟಿನ ಆಸ್ಪತ್ರೆ. ಹೆಸರು ಬೇಡ. ಉಡುಪಿಯಲ್ಲಿ ದೊಡ್ಡದು, ಕಾಪುವಿನಲ್ಲಿಯೂ ಕಾರ್ಕಳದಲ್ಲಿಯೂ ಅದರ ಸಣ್ಣ ಸಣ್ಣ ಶಾಖೆಗಳು. ತೊಂಬತ್ತರ ದಶಕದ ಕೊನೆಯಲ್ಲಿ ನನ್ನನ್ನು ಕಾಪುವಿಗೆ ಹಾಕಿದ್ದರು. ಅಲ್ಲಿ ಬಾಣಂತಿಗೆ ಎದೆಹಾಲಿನ ಮಹತ್ವವನ್ನು ತಿಳಿಸಬೇಕೆಂದು ಒಂದು ಪೋಸ್ಟರ್ ಕಳಿಸಿದ್ದರು. ಅದರಲ್ಲಿ ಬೆಳ್ಳಗಿನ ಒಬ್ಬಳು ಹೆಂಗಸು, ಕೂದಲು ಕೂಡ ಕೆದರದೆ, ನಗುತ್ತಾ ಮಗುವಿಗೆ ಹಾಲೂಡಿಸುತ್ತಿದ್ದಳು. ಕೆಳಗೆ "ಸ್ತನ್ಯಪಾನವು ಶಿಶುವಿನ ಜನ್ಮಸಿದ್ಧ ಹಕ್ಕು" ಎಂದು ದಪ್ಪ ಅಕ್ಷರ. ತುಳು, ಕೊಂಕಣಿ, ಬ್ಯಾರಿ ಮಾತಾಡುವ ನಮ್ಮ ಹೆಂಗಸರು ಅದನ್ನು ನೋಡಿ, ಸಿನಿಮಾದವಳೋ ಎಂದು ಕೇಳುತ್ತಿದ್ದರು. ಹೊಲಿಗೆ ಬಿಗಿಯುತ್ತಿರುವಾಗ, ಎದೆ ಕಲ್ಲಾಗಿರುವಾಗ, ಮಗು ಬಾಯಿ ಹಾಕಿದ ಕೂಡಲೇ ಪ್ರಾಣ ಹೋಗುವಷ್ಟು ನೋಯುವಾಗ ಹಾಗೆ ನಗುವವಳು ಯಾರೂ ಇಲ್ಲ. ನಾನು ಪೋಸ್ಟರನ್ನು ಸ್ಟೋರಿನೊಳಗೆ ಇಟ್ಟೆ. ಅದರ ಬದಲು, ಹಿಂದಿನ ದಿನ ಹೆತ್ತವಳನ್ನು ಇವತ್ತು ಹೆತ್ತವಳ ಪಕ್ಕ ಕೂರಿಸಿ ಮಗುವನ್ನು ಹೇಗೆ ಹಿಡಿಯುವುದೆಂದು ತೋರಿಸಲು ಹೇಳುತ್ತಿದ್ದೆ. ಅದೇ ನಮ್ಮ ಪಾಠ.

ಮೊದಲ ದಿನದ ಹಳದಿ ಹಾಲನ್ನು ಹಿಂಡಿ ಬಿಸಾಡುವುದು ಅಲ್ಲಿ ಎಲ್ಲ ಜಾತಿಯವರಲ್ಲಿಯೂ ಇತ್ತು. ದನ ಕರು ಹಾಕಿದರೆ ಗಿಣ್ಣಿಗಾಗಿ ನೆರೆಮನೆಗೆ ಪಾತ್ರೆ ಕಳಿಸುವವರೇ, ಮಗಳ ಮೊದಲ ಹಾಲು ಮಾತ್ರ ವಿಷ ಎನ್ನುತ್ತಿದ್ದರು. ಒಬ್ಬರು ಜೇನಿನಲ್ಲಿ ಚಿನ್ನ ತೇದು ನೆಕ್ಕಿಸುವವರು, ಇನ್ನೊಬ್ಬರು ಬತ್ತಿಯಲ್ಲಿ ಸಕ್ಕರೆ ನೀರು ಹಿಂಡುವವರು. ನಮ್ಮ ಕ್ರಿಸ್ತಾಂವರೂ ಇದರಲ್ಲಿ ಹಿಂದೆ ಬಿದ್ದವರಲ್ಲ.

ಬೀಫಾತುಮ್ಮ ನನಗೆ ಸಿಕ್ಕಿದ್ದು ಆ ಕಾಲದಲ್ಲಿ. ಕಾಪು ಪೇಟೆಯಲ್ಲಿ ಅವರ ಗಂಡನದ್ದು ಒಂದು ಚಪ್ಪಲಿ ಅಂಗಡಿ. ದೊಡ್ಡ ಮಗಳಿಗೆ ಹೆರಿಗೆಯಾದ ಬೆಳಿಗ್ಗೆ ನಾನು ಮಗುವನ್ನು ಎದೆಗೆ ಕೊಡಲು ಹೋದರೆ, ಬೀಫಾತುಮ್ಮ ಅಡ್ಡ ನಿಂತರು. ಮಸೀದಿಯಿಂದ ಮೂರು ಸಲ ನಮಾಜಿನ ಬಾಂಗ್ ಕೇಳುವವರೆಗೆ ಎದೆ ಕೊಡುವ ಕ್ರಮ ಇಲ್ಲವಂತೆ. ಮೂರನೆಯ ಬಾಂಗ್ ಕೇಳಬೇಕಾದರೆ ಸಂಜೆಯಾಗಬೇಕು. ನಾನು ಕೂಗಿದೆ, ಅವರೂ ಕೂಗಿದರು. ನನಗಿಂತ ಅವರ ಗಂಟಲು ದೊಡ್ಡದು. ಕೊನೆಗೆ ನಾನು ಯೂನಿಫಾರ್ಮಿನಲ್ಲೇ ರಸ್ತೆ ದಾಟಿ, ಮಸೀದಿಯ ಗೇಟಿನಲ್ಲಿ ನಿಂತು, ಉಸ್ತಾದರನ್ನು ಕರೆಸಿ ಕೇಳಿದೆ. ಅವರು ವಯಸ್ಸಾದವರು, ತುಂಬ ಸಾವಧಾನಿ. ಮಗುವಿನ ಕಿವಿಯಲ್ಲಿ ಬಾಂಗ್ ಹೇಳಿದರೆ ಸಾಕು, ಹಸಿದ ಮಗುವನ್ನು ಕಾಯಿಸಬೇಕೆಂದು ಎಲ್ಲಿಯೂ ಹೇಳಿಲ್ಲ ಎಂದರು.

ನಾನು ಗೆದ್ದವಳ ಹಾಗೆ ವಾಪಸ್ ಬಂದು ಅದನ್ನೇ ಹೇಳಿದೆ. ಬೀಫಾತುಮ್ಮ, "ಉಸ್ತಾದರು ದೊಡ್ಡವರು, ಸರಿ. ಆದರೆ ಹೆರಿಗೆಯ ಸಂಗತಿ ಅವರಿಗೆ ಎಂತ ಗೊತ್ತುಂಟು ಸಿಸ್ಟರೇ?" ಎಂದರು. ನನಗೆ ಸಿಟ್ಟು ಬಂದದ್ದು ಎಲ್ಲಿ ಹೋಯಿತೋ, ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ನಕ್ಕ ಮೇಲೆ ಮಗುವನ್ನು ತಾವೇ ಎತ್ತಿ ಮಗಳ ಎದೆಗೆ ಹಿಡಿದರು. ಜಗಳವಾಡಿದವರ ಜೊತೆ ಬೆಳೆಯುವ ಸ್ನೇಹ ಗಟ್ಟಿ ಎಂದು ನನ್ನ ಅಮ್ಮ ಹೇಳುತ್ತಿದ್ದರು. ಬೀಫಾತುಮ್ಮನ ವಿಷಯದಲ್ಲಿ ಅದು ನಿಜವಾಯಿತು.

ಎರಡು ಸಾವಿರದ ಇಸವಿಯ ಆಚೆ ನನ್ನನ್ನು ಉಡುಪಿಗೆ ಕರೆಸಿಕೊಂಡರು. ಅಲ್ಲಿಯ ಜಗಳ ಬೇರೆ ತರಹದ್ದು. ಕಾಪುವಿನಲ್ಲಿ ಅಜ್ಜಿಯಂದಿರು ಅಡ್ಡ ನಿಂತರೆ, ಇಲ್ಲಿ ಓದಿದವರು ನಿಂತಿದ್ದರು. ಸಿಸೇರಿಯನ್ ಆದವರ ಮಕ್ಕಳನ್ನು ಮಾಳಿಗೆಯ ನರ್ಸರಿಯಲ್ಲಿ ಗಾಜಿನ ಹಿಂದೆ ಸಾಲಾಗಿ ಮಲಗಿಸುತ್ತಿದ್ದರು. ತಾಯಿ ಕೆಳಗೆ, ಮಗು ಮೇಲೆ, ನಡುವೆ ಬಾಟಲಿ. ಮೂರನೆಯ ದಿನ ಮಗುವನ್ನು ಕೆಳಗೆ ತಂದರೆ ಅದಕ್ಕೆ ಬಾಟಲಿಯ ರೂಢಿಯಾಗಿ ಎದೆ ಬೇಡ. ಆಮೇಲೆ, "ಈ ಕಾಲದ ಹುಡುಗಿಯರಿಗೆ ಹಾಲೇ ಇಲ್ಲ" ಎಂದು ತಾಯಿಯ ಮೇಲೆ ಅಪವಾದ. ಹುಡುಗಿಯರು ಅದನ್ನು ನಂಬಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದರು. ಆ ಅಳು ಕೇಳಿ ನನ್ನ ಮೈ ಉರಿಯುತ್ತಿತ್ತು.

ನಾನು ಕೇಳದೆ, ಹೇಳದೆ, ಮಕ್ಕಳನ್ನು ಮಾಳಿಗೆಯಿಂದ ಎತ್ತಿಕೊಂಡು ಬಂದು ತಾಯಂದಿರ ಪಕ್ಕ ಮಲಗಿಸಲು ಶುರು ಮಾಡಿದೆ. ನರ್ಸರಿಯ ಗೋಡೆಯಲ್ಲಿ ಹಾಲುಪುಡಿ ಕಂಪನಿಯವರು ಕೊಟ್ಟ ಗಡಿಯಾರವಿತ್ತು. ಅದರ ಮೇಲಿದ್ದ ಕಂಪನಿಯ ಹೆಸರಿಗೆ ಗಾಯಕ್ಕೆ ಹಚ್ಚುವ ಪ್ಲಾಸ್ಟರ್ ಅಂಟಿಸಿದೆ. ಬಾಟಲಿಗಳನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿ, ನಮ್ಮ ಮನೆಯ ಬೆಳ್ಳಿಯ ಒಳಲೆಯನ್ನು ತಂದೆ. ಒಳಲೆ ಎಂದರೆ ಈಗಿನವರಿಗೆ ಗೊತ್ತಿಲ್ಲ. ಕೊಕ್ಕಿನ ಹಾಗೆ ಮೂತಿ ಇರುವ ಸಣ್ಣ ಬಟ್ಟಲು ಅದು, ಎದೆ ಚೀಪಲಾಗದ ಮಗುವಿಗೆ ತಾಯಿಯ ಹಾಲು ಹಿಂಡಿ ಅದರಲ್ಲಿ ಕುಡಿಸುವುದು. ಕುದಿಸಿದರೆ ಶುದ್ಧ, ಸಂದಿಗೊಂದಿ ಇಲ್ಲ. ನಾನು ಕುಡಿದು ಬೆಳೆದದ್ದೂ ಅದರಲ್ಲೇ.

ದೊಡ್ಡ ಡಾಕ್ಟರರು, ಅಂದರೆ ನಮ್ಮ ಆಸ್ಪತ್ರೆಯ ಮುಖ್ಯಸ್ಥರು, ನನ್ನನ್ನು ಕೋಣೆಗೆ ಕರೆದು ಇನ್‌ಫೆಕ್ಷನ್ ಆದರೆ ಯಾರು ಹೊಣೆ ಎಂದು ಕೇಳಿದರು. ಅವರ ಕೈ ಚಿನ್ನದ್ದು, ಎಷ್ಟೋ ತಾಯಂದಿರನ್ನು ಸಾವಿನ ಬಾಯಿಯಿಂದ ಎಳೆದು ತಂದವರು. ಅದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ. ಆದರೆ ಮಗು ಹೊರಬಂದ ಮೇಲೆ ಅವರಿಗೆ ಅದರ ಮೇಲೆ ಕುತೂಹಲವಿರಲಿಲ್ಲ. ಅರೆಬರೆ ತೊಳೆದ ಬಾಟಲಿಗಿಂತ ಹೆತ್ತವಳ ಎದೆ ಹೆಚ್ಚು ಕೊಳೆಯೋ ಎಂದು ನಾನು ತಿರುಗಿ ಕೇಳಿದೆ. ಅವರು ಉತ್ತರ ಕೊಡಲಿಲ್ಲ, ಬೇಡ ಎಂದೂ ಹೇಳಲಿಲ್ಲ. ನಾನು ಅದನ್ನು ಒಪ್ಪಿಗೆ ಎಂದೇ ತಿಳಿದುಕೊಂಡೆ. ಮೇಲಿನವರ ಮೌನವನ್ನು ಹೇಗೆ ಓದಬೇಕೆಂಬುದು ನರ್ಸಿಂಗ್ ಪುಸ್ತಕದಲ್ಲಿ ಇರುವುದಿಲ್ಲ, ಕಲಿತುಕೊಳ್ಳಬೇಕು.

ಇನ್ನು ನನ್ನ ಮನಸ್ಸಿನಿಂದ ಹೋಗದ ಸಂಗತಿಗೆ ಬರುತ್ತೇನೆ. ಯಲ್ಲವ್ವ ಎಂಬ ಹೆಂಗಸು, ಕೊಪ್ಪಳದ ಕಡೆಯವಳು. ಗಂಡ ಬಸಪ್ಪನ ಜೊತೆ ಮಣಿಪಾಲದಲ್ಲಿ ಕಟ್ಟಡದ ಕೆಲಸ ಮಾಡುತ್ತಿದ್ದಳು. ತಿಂಗಳು ತುಂಬುವ ಮೊದಲೇ ನೋವು ಬಂದು ನಮ್ಮಲ್ಲಿ ಗಂಡು ಹೆತ್ತಳು. ಅಂಗೈಯಗಲದ ಮಗು. ಹೆತ್ತ ಮೇಲೆ ಅವಳಿಗೆ ರಕ್ತ ನಿಲ್ಲಲಿಲ್ಲ, ಮರುದಿನ ಜ್ವರವೂ ಏರಿತು. ದೊಡ್ಡ ಡಾಕ್ಟರರು ಆಗುವಷ್ಟು ಮಾಡಿ, ಮಣಿಪಾಲದ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಮಗು ನಮ್ಮಲ್ಲೇ, ಮಾಳಿಗೆಯ ನರ್ಸರಿಯಲ್ಲಿ ಉಳಿಯಿತು.

ಮಗುವಿಗೆ ಪುಡಿಯ ಹಾಲು ಕೊಟ್ಟರು. ಅದು ಅದಕ್ಕೆ ಹಿಡಿಸಲಿಲ್ಲ. ಹೊಟ್ಟೆ ಉಬ್ಬಿತು, ಭೇದಿಯಾಯಿತು, ಮೈಯ ಚರ್ಮ ಸಡಿಲವಾಗಿ ಮುದುಕನ ಮುಖವಾಯಿತು. ನಮ್ಮ ಮಕ್ಕಳ ಡಾಕ್ಟರು ಇನ್ನೂ ಎಳೆಯರು, ಅವರು ತಕ್ಕಡಿಯನ್ನು ನೋಡಿ ತಲೆಯಲ್ಲಾಡಿಸಿ ಹೋಗುತ್ತಿದ್ದರು. ಬಸಪ್ಪ ಗಾಜಿನ ಹೊರಗೆ ಕೈ ಕಟ್ಟಿ ನಿಂತಿರುತ್ತಿದ್ದ. ಒಳಗೆ ಬಾ ಎಂದರೂ ಬರುತ್ತಿರಲಿಲ್ಲ, ಕೈಗೆ ಸಿಮೆಂಟು ಅಂಟಿದೆ ಎನ್ನುತ್ತಿದ್ದ.

ಆಗಲೇ ಕೆಳಗಿನ ವಾರ್ಡಿನಲ್ಲಿ ಬೀಫಾತುಮ್ಮನ ಕಿರಿಯ ಮಗಳು ಜುಬೈದಾ ಇದ್ದಳು. ಸಿಸೇರಿಯನ್, ಹೆಣ್ಣುಮಗು, ದಷ್ಟಪುಷ್ಟ. ಜುಬೈದಾಳಿಗೆ ಹಾಲು ಎಷ್ಟೆಂದರೆ ಮಗು ಕುಡಿದು ಉಳಿದದ್ದನ್ನು ಹಿಂಡಿ ತೆಗೆಯದಿದ್ದರೆ ಎದೆ ಕಟ್ಟಿ ಜ್ವರ ಬರುತ್ತಿತ್ತು. ಅದನ್ನು ಬಟ್ಟಲಿಗೆ ಹಿಂಡಿ ಬಚ್ಚಲಿಗೆ ಚೆಲ್ಲುವಾಗ ನನ್ನ ಕೈ ನಿಂತಿತು. ಮೇಲೆ ಒಂದು ಮಗು ಹಾಲಿಲ್ಲದೆ ಬಾಡುತ್ತಿದೆ, ಕೆಳಗೆ ನಾನು ಹಾಲು ಚೆಲ್ಲುತ್ತಿದ್ದೇನೆ. ಬಸಿರಿನಲ್ಲಿ ಮಾಡಿಸಿದ ಜುಬೈದಾಳ ರಕ್ತಪರೀಕ್ಷೆ ಎಲ್ಲ ಸರಿ ಇತ್ತು. ಮಕ್ಕಳ ಡಾಕ್ಟರರಿಗೆ ತೋರಿಸಿದೆ. ಅವರು ನೋಡಿ, ತಮ್ಮ ಅಡ್ಡಿಯಿಲ್ಲ, ಆದರೆ ದೊಡ್ಡ ಡಾಕ್ಟರರನ್ನು ಕೇಳಿ ಎಂದರು.

ದೊಡ್ಡ ಡಾಕ್ಟರರು ಎದ್ದು ಬಾಗಿಲು ಹಾಕಿದರು. "ಸಿಸಿಲಿ, ನಿಮಗೆ ತಲೆ ಸರಿ ಉಂಟಾ? ಅವರು ಯಾರು, ಇವರು ಯಾರು. ಈಗಿನ ಕಾಲ ಹೇಗುಂಟು ಅಂತ ನಿಮಗೆ ಗೊತ್ತಿಲ್ವಾ? ನಾಳೆ ಯಾರಾದರೂ ಬಂದು ಗೇಟಿನಲ್ಲಿ ನಿಂತರೆ?" ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅವರ ಹೆದರಿಕೆ ಸುಳ್ಳಲ್ಲ. ಊರಿನ ಗಾಳಿ ಆಗ ಹಾಗೇ ಇತ್ತು. ಆದರೆ ಮಗುವಿನ ತೂಕವೂ ಸುಳ್ಳಲ್ಲವಲ್ಲ. ನಾನು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಅವರು ಒಂದು ದಾರಿ ಹೇಳಿದರು. ಕೊಡುವುದಾದರೆ ಕೊಡಿ, ಆದರೆ ಯಾರ ಹಾಲು ಎಂದು ಇವರಿಗೆ ಗೊತ್ತಾಗಬಾರದು, ಯಾವ ಮಗು ಎಂದು ಅವರಿಗೂ ಗೊತ್ತಾಗಬಾರದು.

ಅದು ಬುದ್ಧಿವಂತರ ದಾರಿ. ಬೀಫಾತುಮ್ಮನ ಎದುರು ಅದು ಅರೆಗಳಿಗೆಯೂ ನಿಲ್ಲಲಿಲ್ಲ. ಹಾಲು ಕೊಡುತ್ತೀರಾ ಎಂದು ಕೇಳಿದಾಗ ಅವರು ಮೊದಲು ಕೇಳಿದ್ದೇ ಯಾರ ಮಗು ಎಂದು. ಹೇಳುವ ಹಾಗಿಲ್ಲ ಎಂದೆ. ಅವರ ಮುಖ ಗಂಟಾಯಿತು.

"ಗುಟ್ಟಿನಲ್ಲಿ ಆದರೆ ಒಂದು ತೊಟ್ಟೂ ಇಲ್ಲ ಸಿಸ್ಟರೇ. ನಮ್ಮಲ್ಲಿ ಒಬ್ಬಳ ಎದೆಹಾಲು ಕುಡಿದ ಮಕ್ಕಳು ಅಣ್ಣ ತಂಗಿ ಆಗ್ತಾರೆ. ಅವರೊಳಗೆ ಮದುವೆ ಇಲ್ಲ, ಸಂಬಂಧ ಸಾಯುವವರೆಗೆ ಉಂಟು. ನನ್ನ ಮೊಮ್ಮಗಳಿಗೆ ಒಬ್ಬ ಅಣ್ಣ ಇದ್ದಾನೆ ಅಂತಾದ್ರೆ ಅವನು ಯಾರು ಅಂತ ನಮಗೆ ಗೊತ್ತಿರಬೇಡ್ವಾ? ಅವರಿಗೂ ಗೊತ್ತಿರಬೇಕು."

ಅವನು ನಿಮ್ಮವನಲ್ಲ, ಘಟ್ಟದ ಆಚೆಯವರ ಮಗು ಎಂದು ನಾನು ಬಾಯಿಬಿಟ್ಟೆ. ಯಾರದ್ದಾದರೂ ಹಾಲು ಹಾಲೇ, ಅಣ್ಣ ಅಣ್ಣನೇ ಎಂದರು. ಅವರು ದಯೆ ತೋರಿಸುತ್ತಿರಲಿಲ್ಲ, ಕ್ರಮ ಹೇಳುತ್ತಿದ್ದರು. ಮೂರು ಬಾಂಗಿನ ವಿಷಯದಲ್ಲಿ ನನ್ನ ತಲೆ ತಿಂದ ಅದೇ ಹಟ ಇದು. ಈ ಸಲ ನಾನು ಅದಕ್ಕೆ ಮನಸ್ಸಿನಲ್ಲೇ ಕೈ ಮುಗಿದೆ.

ದೊಡ್ಡ ಡಾಕ್ಟರರ ಮಾತನ್ನು ಅಲ್ಲಿಗೇ ಬಿಟ್ಟು, ಬಸಪ್ಪನನ್ನು ಕರೆದು ಎಲ್ಲವನ್ನೂ ಹೇಳಿದೆ. ಅವನು ಹೊರಗೆ ಹೋಗಿ ಒಂದು ಬೀಡಿ ಸೇದಿ ಬಂದ. ಬೇಡ ಎನ್ನುತ್ತಾನೋ ಎಂದು ನಾನು ಬಾಗಿಲಲ್ಲೇ ಕಾದೆ. "ಕೂಸು ಉಳಿತೈತೇನ್ರೀ ಅಕ್ಕಾರ?" ಎಂದು ಕೇಳಿದ. ಖಂಡಿತ ಎಂದು ಹೇಳಲಾರೆ, ಆದರೆ ಇದಕ್ಕಿಂತ ಒಳ್ಳೆಯದು ನನ್ನ ಕೈಯಲ್ಲಿ ಇಲ್ಲ ಎಂದೆ. ಅವನು ಜುಬೈದಾಳ ವಾರ್ಡಿನ ಬಾಗಿಲಿಗೆ ಬಂದು, ಒಳಗೆ ನೋಡದೆ, ಹೊಸ್ತಿಲಿಗೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡ. ಬೀಫಾತುಮ್ಮ ಗಲ್ಫಿನಲ್ಲಿದ್ದ ಅಳಿಯನಿಗೆ ಫೋನ್ ಮಾಡಿಸಿ ಅವನ ಒಪ್ಪಿಗೆಯನ್ನೂ ಪಡೆದರು. ಅದಾದ ಮೇಲೆಯೇ ಮೊದಲ ಬಟ್ಟಲು ಮೇಲೆ ಹೋಯಿತು.

ಮಗುವಿನ ಭೇದಿ ನಿಂತಿತು. ಮುದುಕನ ಮುಖದಲ್ಲಿ ಕೆನ್ನೆ ಕಾಣಿಸಿಕೊಂಡಿತು. ಅಷ್ಟರಲ್ಲಿ ಜುಬೈದಾಳಿಗೆ ಮನೆಗೆ ಹೋಗುವ ದಿನ ಬಂತು, ನನಗೆ ದಿಗಿಲಾಯಿತು. ಬೀಫಾತುಮ್ಮನಿಗೆ ಏನೂ ಆಗಲಿಲ್ಲ. ದಿನಾ ಬೆಳಿಗ್ಗೆ ಕಾಪುವಿನಲ್ಲಿ ಹಾಲು ಹಿಂಡಿಸಿ, ಕುದಿಸಿದ ಸ್ಟೀಲಿನ ತೂಕಿನಲ್ಲಿ, ಅಂದರೆ ಹಿಡಿ ಇರುವ ಮುಚ್ಚಳದ ಪಾತ್ರೆಯಲ್ಲಿ ಹಾಕಿ, ಮೀನಿನವರಿಂದ ಐಸು ತರಿಸಿ ಡಬ್ಬಿಯಲ್ಲಿ ತುಂಬಿಸಿ, ತೂಕನ್ನು ಅದರ ನಡುವೆ ಹೂತು, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಬರುತ್ತಿದ್ದರು. ಯಾವ ಮೀನು, ಬಂಗುಡೆಯೋ ಬೂತಾಯಿಯೋ ಎಂದು ಕಂಡಕ್ಟರ್ ಕೇಳಿದನಂತೆ. ಹಾಲು ಎಂದದ್ದಕ್ಕೆ, ಐಸಿನಲ್ಲಿ ಹಾಲು ತರುವವರನ್ನು ನಾನು ಕಂಡಿಲ್ಲ ಎಂದು ನಕ್ಕನಂತೆ. "ನೀನು ಕಾಣದ್ದು ಬೇಕಾದಷ್ಟು ಉಂಟು ಮಾರಾಯ" ಎಂದು ಹೇಳಿ ಬಂದದ್ದಾಗಿ ಅವರು ನನಗೆ ವರದಿ ಕೊಟ್ಟರು.

ನಾನೂ ಸುಮ್ಮನೆ ಕೂರಲಿಲ್ಲ. ಡ್ಯೂಟಿ ಮುಗಿಸಿ ಮಣಿಪಾಲದ ಬಸ್ಸು ಹತ್ತಿ ಯಲ್ಲವ್ವನ ಹತ್ತಿರ ಹೋಗುತ್ತಿದ್ದೆ. ಅಲ್ಲಿ ನನ್ನ ಜೊತೆ ಕಲಿತವಳೊಬ್ಬಳು ಕೆಲಸದಲ್ಲಿದ್ದಳು, ಡಾಕ್ಟರರನ್ನು ಕೇಳಿ ನನ್ನನ್ನು ಒಳಗೆ ಬಿಟ್ಟಳು. ಜ್ವರದಲ್ಲಿ ಬಿದ್ದ ಯಲ್ಲವ್ವನ ಎದೆಯನ್ನು ಒತ್ತಿ ಹಾಲು ತೆಗೆಯುತ್ತಿದ್ದೆ. ಅಷ್ಟು ಔಷಧಿ ಇಳಿದ ಹಾಲು, ಮಗುವಿಗೆ ಕೊಡುವ ಹಾಗಿರಲಿಲ್ಲ, ಚೆಲ್ಲಬೇಕಿತ್ತು. ಚೆಲ್ಲುವ ಹಾಲನ್ನು ತೆಗೆಯಲು ಇಷ್ಟು ದೂರ ಬರುತ್ತೀಯಾ ಎಂದು ಗೆಳತಿ ನಗೆಯಾಡಿದಳು. ತೆಗೆಯದಿದ್ದರೆ ಬತ್ತುತ್ತದೆ, ಬತ್ತಿದ ಮೇಲೆ ಬರಿಸುವುದು ಕಷ್ಟ. ದಿನ ಹೋದ ಹಾಗೆ ಹನಿ ಕಡಿಮೆಯಾಗುತ್ತಲೇ ಬಂತು. ನನಗೇ ಭರವಸೆ ಕುಂದುತ್ತಿತ್ತು, ಆದರೂ ಬಸ್ಸು ತಪ್ಪಿಸಲಿಲ್ಲ.

ಯಲ್ಲವ್ವ ಉಳಿದಳು. ವಾರಗಳು ಕಳೆದ ಮೇಲೆ, ಗಾಳಿ ಬೀಸಿದರೆ ಬೀಳುವಂತೆ, ಗಂಡನ ತೋಳು ಹಿಡಿದು ನಮ್ಮ ವಾರ್ಡಿಗೆ ಬಂದಳು. ಮಗುವನ್ನು ಎದೆಗೆ ಕೊಟ್ಟೆವು. ಅವನಿಗೆ ಇನ್ನೂ ಚೀಪುವ ಬಲವಿಲ್ಲ, ಎರಡು ಸಲ ಎಳೆದು ನಿದ್ದೆ ಹೋಗುತ್ತಾನೆ. ಇವಳ ಎದೆಯಲ್ಲಿ ಎಳೆದರೂ ಬರುವಷ್ಟು ಇಲ್ಲ. ಜೋರಾಗಿ ಚೀಪಿದರೆ ತಾನೇ ಹಾಲು ಇಳಿಯುವುದು, ಹಾಲು ಇಳಿದರೆ ತಾನೇ ಮಗುವಿಗೆ ಬಲ ಬರುವುದು. ಎರಡು ದಿನ ನೋಡಿ ದೊಡ್ಡ ಡಾಕ್ಟರರು ಇನ್ನು ಸಾಕು, ಪುಡಿ ಬರೆದುಕೊಡಿ ಎಂದರು. ಕಾಪುವಿನ ಹಾಲಿನ ಸಂಗತಿ ಅವಳಿಗೆ ಹೇಳಬೇಡಿ, ಮೊದಲೇ ನಿತ್ರಾಣ, ಮನಸ್ಸಿಗೆ ತಗಲಬಹುದು ಎಂದೂ ಹೇಳಿದರು. ಬಸಪ್ಪನೂ ಅವಳಿಗೆ ಹೇಳಿರಲಿಲ್ಲ. ಅಕ್ಕಾರೇ ಹೇಳಲಿ ಎಂದು ನನ್ನ ಮೇಲೆ ಬಿಟ್ಟಿದ್ದ.

ಮರುದಿನ ಬೀಫಾತುಮ್ಮ ಜುಬೈದಾಳನ್ನೂ ಹೆಣ್ಣುಮಗುವನ್ನೂ ಕರೆದುಕೊಂಡೇ ಬಂದರು. ಇಷ್ಟು ದಿನ ಹಾಲು ಬಂದಿದೆ, ಇನ್ನು ಜನ ಬರಬೇಡವೇ ಎಂಬುದು ಅವರ ಲೆಕ್ಕ. ನಾನು ಅವರನ್ನು ಯಲ್ಲವ್ವನ ಮಂಚದ ಪಕ್ಕ ಕೂರಿಸಿ, ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ನಿನ್ನ ಮಗ ಉಳಿದದ್ದು ಈ ಹುಡುಗಿಯ ಹಾಲಿನಿಂದ ಎಂದೆ.

ಯಲ್ಲವ್ವ ಜುಬೈದಾಳನ್ನು ನೋಡಿದಳು, ಅವಳ ತೊಡೆಯ ಮೇಲಿದ್ದ ಮಗುವನ್ನು ನೋಡಿದಳು. ಕಣ್ಣೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಆಮೇಲೆ ತನ್ನ ಎರಡೂ ಕೈ ಮುಂದೆ ಚಾಚಿದಳು.

"ಆ ಕೂಸನ್ನ ಇತ್ತ ಕೊಡ್ರೀ ಯವ್ವಾ. ನನ್ನ ಎದಿಯಾಗ ಒಂದು ಹನಿ ಇದ್ರ ಆ ಹನಿ ಅಕೀಗೆ. ನನ್ನ ಮಗಾ ಅಣ್ಣ ಆದನಲ್ಲ, ಹಂಗಾರ ನಾನೂ ಅವ್ವ ಆಗಬೇಕಲ್ಲ."

ಅವಳ ಔಷಧಿಗಳೆಲ್ಲ ನಿಂತಿದ್ದವು, ರಕ್ತಪರೀಕ್ಷೆ ಸರಿ ಇತ್ತು, ಆದರೂ ನಾನು ಬಾಗಿಲಲ್ಲಿದ್ದ ಮಕ್ಕಳ ಡಾಕ್ಟರರ ಮುಖ ನೋಡಿದೆ. ಅವರು ಆಗಬಹುದು ಎಂದು ತಲೆಯಾಡಿಸಿದರು. ಬೀಫಾತುಮ್ಮ ಮಗಳ ಮುಖ ನೋಡಿದರು. ಜುಬೈದಾ ಮಗುವನ್ನು ಎತ್ತಿ ಯಲ್ಲವ್ವನ ತೋಳಿಗಿಟ್ಟಳು.

ಆ ಹೆಣ್ಣುಕೂಸು ಹಸಿದಿತ್ತು, ಗಟ್ಟಿಯಾಗಿ ಬೆಳೆದಿತ್ತು, ನಾಚಿಕೆ ಗೊತ್ತಿರಲಿಲ್ಲ. ಬಾಯಿ ಹಾಕಿ ಎಳೆದ ಎಳೆತಕ್ಕೆ ಯಲ್ಲವ್ವ ಹಲ್ಲು ಕಚ್ಚಿದಳು. ಬರದಿದ್ದಾಗ ಕೂಗಿತು, ಮತ್ತೆ ಕಚ್ಚಿ ಎಳೆಯಿತು. ಬಹಳ ಹೊತ್ತಿನ ಮೇಲೆ ಅದರ ಗಂಟಲಿನಲ್ಲಿ ಗುಟುಕಿನ ಸದ್ದು ಕೇಳಿಸಿತು. ಇನ್ನೊಂದು ಎದೆಯಿಂದ ತಾನಾಗಿಯೇ ಹಾಲು ತೊಟ್ಟಿಕ್ಕಿ ಯಲ್ಲವ್ವನ ಸೀರೆ ಒದ್ದೆಯಾಯಿತು. ನಾನು ಅವಳ ಮಗನನ್ನು ಎತ್ತಿ ಆ ಕಡೆಗೆ ಹಿಡಿದೆ. ಈ ಸಲ ಅವನು ಎಳೆದು ದಣಿಯಬೇಕಾಗಿರಲಿಲ್ಲ, ಬಾಯಿಗೆ ಬಿದ್ದದ್ದನ್ನು ನುಂಗಿದರಾಯಿತು. ನುಂಗಿದ. ಬಾಗಿಲಲ್ಲಿ ನಿಂತಿದ್ದ ಬಸಪ್ಪ ಸಿಮೆಂಟಿನ ಕೈಯಲ್ಲೇ ಮುಖ ಮುಚ್ಚಿಕೊಂಡ. ನಾನೂ ಅತ್ತೆ, ಅದನ್ನು ಮುಚ್ಚಿಡುವುದಿಲ್ಲ.

ದೊಡ್ಡ ಡಾಕ್ಟರರು ರೌಂಡ್ಸಿಗೆ ಬಂದದ್ದು ಆಗಲೇ. ಮಂಚದ ಎದುರು ನಿಂತು, ಯಾವ ಮಗು ಯಾರದ್ದು ಎಂದು ಕೇಳಿದರು. "ಈಗ ಹೇಳಲಿಕ್ಕೆ ಸ್ವಲ್ಪ ಕಷ್ಟ ಉಂಟು ಡಾಕ್ಟ್ರೇ" ಎಂದರು ಬೀಫಾತುಮ್ಮ. ಡಾಕ್ಟರರು ಮುಂದಿನ ಮಂಚಕ್ಕೆ ಹೋದರು.

ಗೇಟಿನಲ್ಲಿ ಯಾರೂ ಬಂದು ನಿಲ್ಲಲಿಲ್ಲ. ಮುಂದೆ ಜುಬೈದಾ ಮಗುವಿನ ಜೊತೆ ದಿನಾ ಬಂದಳು, ಯಲ್ಲವ್ವನ ಹಾಲು ಪೂರ್ತಿ ಇಳಿಯುವವರೆಗೆ. ಯಲ್ಲವ್ವ ಮಗನನ್ನು ಎತ್ತಿಕೊಂಡು ತನ್ನ ಕಾಲಿನಲ್ಲೇ ನಡೆದು ಮನೆಗೆ ಹೋದಳು.

ಅದಾದ ಸ್ವಲ್ಪ ದಿನಕ್ಕೆ ನನಗೆ ಕಾರ್ಕಳದ ಶಾಖೆಗೆ ವರ್ಗವಾಯಿತು. ಆದೇಶವನ್ನು ದೊಡ್ಡ ಡಾಕ್ಟರರೇ ವಾರ್ಡಿಗೆ ಬಂದು ಕೈಗೆ ಕೊಟ್ಟರು. ಪಾಪ, ಅವರಿಗೂ ಮುಜುಗರವಾಗಿತ್ತು. "ಅಲ್ಲಿ ಒಂದು ನಾಲ್ಕು ದಿನ ಸುಮ್ಮನಿರಿ ಸಿಸಿಲಿ" ಎಂದರು. ನಾನು ಮೇಜಿನ ಮೇಲಿಟ್ಟಿದ್ದ ನನ್ನ ಒಳಲೆಯನ್ನು ಸೆರಗಿನಲ್ಲಿ ಒರೆಸಿ ಚೀಲದೊಳಗೆ ಹಾಕಿಕೊಂಡೆ.

"ಕಾರ್ಕಳದಲ್ಲಿಯೂ ಹೆರಿಗೆ ವಾರ್ಡ್ ಉಂಟಲ್ವಾ ಡಾಕ್ಟ್ರೇ?" ಎಂದು ಕೇಳಿದೆ.

ಉಂಟು ಎಂದರು.

"ಹಾಗಾದರೆ ಸುಮ್ಮನಿರಲಿಕ್ಕೆ ಆಗುವುದಿಲ್ಲ" ಎಂದು ಹೇಳಿ ಬಸ್ ಸ್ಟ್ಯಾಂಡಿಗೆ ನಡೆದೆ.